ಬರಬಾರದ ಜಾಗಕ್ಕೆ ಬಂದ ಅಲೆ: ಇಂಗೆ ಲೆಹ್ಮನ್ ಮತ್ತು ಭೂಮಿಯ ಒಳ ಕೇಂದ್ರಗೋಳ



ಶಾಲೆಯ ಭೂಗೋಳದ ಪುಸ್ತಕದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಒಂದರೊಳಗೊಂದು ವೃತ್ತಗಳು. ಹೊರಗೆ ಭೂಕವಚ, ಅದರ ಕೆಳಗೆ ಮ್ಯಾಂಟಲ್, ಅದರೊಳಗೆ ಹೊರ ಕೇಂದ್ರಗೋಳ, ನಟ್ಟನಡುವೆ ಒಳ ಕೇಂದ್ರಗೋಳ. ಪಕ್ಕದಲ್ಲಿ ಆಳದ ಅಂಕಿಗಳು: 2,900, 5,150, 6,371 ಕಿಲೋಮೀಟರ್. ಪರೀಕ್ಷೆಯಲ್ಲಿ ಈ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಗಿಟ್ಟಿಸಿದವರು ಈ ಸಭೆಯಲ್ಲಿ ತುಂಬ ಜನ ಇದ್ದೀರಿ. ಈ ಅಂಕಿಗಳನ್ನು ಅಳೆದವರು ಯಾರು, ಯಾವ ಅಳತೆಗೋಲು ಹಿಡಿದು ಅಳೆದರು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಹುಟ್ಟಿದಾಗಿನಿಂದ ಕಾಲೂರಿ ನಿಂತಿರುವ ನೆಲದ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೀಗೆ ಹೆಸರಿಲ್ಲದೆ, ವಿಳಾಸವಿಲ್ಲದೆ ಬಂದು ಸೇರಿಕೊಂಡಿದೆ. ಇದು ನನಗೆ ಬಹಳ ಕಾಲದಿಂದ ಕೊರೆಯುತ್ತಿರುವ ಸಂಗತಿ. ಆದ್ದರಿಂದ ಈ ವರ್ಷದ ಉಪನ್ಯಾಸಕ್ಕೆ ಆ ಚಿತ್ರದ ನಡುವಿನ ಕೊನೆಯ ವೃತ್ತವನ್ನು ಆರಿಸಿಕೊಂಡೆ. ಅದನ್ನು ಬರೆದವರು ಡೆನ್ಮಾರ್ಕಿನ ಇಂಗೆ ಲೆಹ್ಮನ್. ಬರೆದ ವರ್ಷ 1936.

ಮೊದಲು ನಮ್ಮ ಅಸಹಾಯಕತೆ ಎಷ್ಟೆಂದು ತಿಳಿದುಕೊಳ್ಳೋಣ. ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ, ನಮ್ಮ ಜನ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. ಅಲ್ಲಿನ ಬಂಡೆಯ ಬಿಸಿಯ ಬಗ್ಗೆ, ಒತ್ತಡ ತಾಳಲಾರದೆ ಬಂಡೆ ಸಿಡಿಯುವ ಭಯದ ಬಗ್ಗೆ ಆ ಊರಿನ ಹಳೆಯ ಕಾರ್ಮಿಕರ ಮನೆಗಳಲ್ಲಿ ಇಂದಿಗೂ ಮಾತು ಬರುತ್ತದೆ. ರಷ್ಯನ್ನರು ಕೋಲಾ ಪರ್ಯಾಯದ್ವೀಪದಲ್ಲಿ ಎರಡು ದಶಕ ಕೊರೆದು 1989ರಲ್ಲಿ 12,262 ಮೀಟರ್ ಮುಟ್ಟಿದರು. ಕೆಳಗೆ ನಿರೀಕ್ಷೆಗಿಂತ ಬಿಸಿ ಹೆಚ್ಚಾಯಿತು, ಅಲ್ಲಿಗೇ ನಿಲ್ಲಿಸಬೇಕಾಯಿತು. ಭೂಮಿಯ ಕೇಂದ್ರ ಇರುವುದು 6,371 ಕಿಲೋಮೀಟರ್ ಕೆಳಗೆ. ಮನುಷ್ಯನ ಕೈ ತಲುಪಿದ್ದು ಆ ದಾರಿಯ 500ರಲ್ಲಿ ಒಂದು ಪಾಲು.

ಒಳಗೇನೋ ಭಾರವಾದದ್ದು ಇದೆ ಎಂಬುದು ಮಾತ್ರ ಬಹಳ ಹಿಂದೆಯೇ ಗೊತ್ತಿತ್ತು. 1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ತೋರಿಸಿದರು. ನಮ್ಮ ಕಾಲ ಕೆಳಗಿನ ಗ್ರಾನೈಟ್ ನೀರಿನ 2.7 ಪಟ್ಟು ಮಾತ್ರ. ಮೇಲಿನದು ಹಗುರವಾಗಿದ್ದು ಸರಾಸರಿ ಅದರ ಎರಡರಷ್ಟಿದ್ದರೆ ಒಳಗಿನದು ಇನ್ನೂ ಭಾರವಾಗಿರಲೇಬೇಕು. ಜರ್ಮನಿಯ ಎಮಿಲ್ ವೀಚರ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ಕಬ್ಬಿಣವೇ ಇರಬೇಕೆಂದು ವಾದಿಸಿದರು. ಆದರೆ ಅದು ಎಷ್ಟು ಆಳದಲ್ಲಿ ಶುರುವಾಗುತ್ತದೆ, ಗಟ್ಟಿಯೋ ದ್ರವವೋ ಎಂದು ಹೇಳಲು ತೂಕದ ಲೆಕ್ಕ ಸಾಲದು.

ಅದಕ್ಕೆ ಬೇಕಾದದ್ದು ಭೂಮಿಯನ್ನು ಹಾಯ್ದು ಹೋಗಿ ಆಚೆ ಬದಿಗೆ ಸುದ್ದಿ ತರುವ ಏನಾದರೊಂದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಊರಿನಲ್ಲಿ ಶಿಲ್ಪಿಗಳು ಮೂರ್ತಿಗೆ ಕಲ್ಲು ಆರಿಸುವಾಗ ಅದನ್ನು ತಟ್ಟಿ ಕಿವಿಗೊಡುತ್ತಾರೆ. ಕಲ್ಲು ಒಳಗೆ ಒಂದೇ ಸಮ ಇದ್ದರೆ ನಾದ ಬರುತ್ತದೆ, ಒಳಗೆಲ್ಲೋ ಬಿರುಕಿದ್ದರೆ ದನಿ ಒಡೆಯುತ್ತದೆ. ಭೂಮಿಯನ್ನು ಹಾಗೆ ತಟ್ಟುವ ಶಕ್ತಿ ಇರುವುದು ಭೂಕಂಪಕ್ಕೆ. ದೊಡ್ಡ ಭೂಕಂಪವಾದಾಗ ಹೊರಡುವ ಅಲೆಗಳು ಭೂಮಿಯ ಒಡಲನ್ನೆಲ್ಲ ಹಾಯ್ದು, ಸುಮಾರು ಇಪ್ಪತ್ತು ನಿಮಿಷದಲ್ಲಿ ಎದುರು ಬದಿಯನ್ನು ಮುಟ್ಟುತ್ತವೆ. ಹಾಗೆ ಹಾಯುವ ಅಲೆಗಳು ಎರಡು ಬಗೆ. ಮೊದಲು ಬಂದು ತಲುಪುವುದು ಪಿ ಅಲೆ. ಅದು ಕಲ್ಲನ್ನು ಹಿಂದೆ ಮುಂದೆ ಒತ್ತುತ್ತಾ ಎಳೆಯುತ್ತಾ ಸಾಗುತ್ತದೆ. ಗಟ್ಟಿ, ದ್ರವ, ಅನಿಲ ಯಾವುದರೊಳಗಾದರೂ ನುಗ್ಗುತ್ತದೆ. ಆಮೇಲೆ ಬರುವುದು ಎಸ್ ಅಲೆ. ಅದು ಕಲ್ಲನ್ನು ಅಡ್ಡಡ್ಡ ಅಲುಗಿಸುತ್ತದೆ. ದ್ರವಕ್ಕೆ ಆಕಾರ ಕಾಪಾಡಿಕೊಳ್ಳುವ ಬಿಗಿ ಇಲ್ಲದ್ದರಿಂದ ಅದರೊಳಗೆ ಎಸ್ ಅಲೆ ಸಾಗದು. ಇವೆರಡೂ ಗಟ್ಟಿ ಪದರದಲ್ಲಿ ಜೋರಾಗಿ, ಮೆದು ಪದರದಲ್ಲಿ ನಿಧಾನವಾಗಿ ಓಡುತ್ತವೆ. ಪದರ ಬದಲಾದಾಗ ದಾರಿ ಬಾಗುತ್ತದೆ, ಒಂದು ಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ. ಭೂಮಿಯ ಒಳಗನ್ನು ಓದುವುದೆಂದರೆ ಎಷ್ಟು ಹೊತ್ತಿಗೆ, ಎಲ್ಲಿ, ಎಂಥ ಅಲೆ ಬಂತು ಎಂದು ಓದುವುದು. ಇಷ್ಟು ನಿಖರವಾದ ಬೇರೆ ದಾರಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈ ಓದಿನ ಮೊದಲ ದೊಡ್ಡ ಅಧ್ಯಾಯ ನಮ್ಮ ದೇಶದಲ್ಲೇ ಶುರುವಾಯಿತು. 1897ರ ಜೂನ್ 12ರ ಸಂಜೆ ಅಸ್ಸಾಮಿನಲ್ಲಿ ಭೀಕರ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲುಕಟ್ಟಡಗಳೆಲ್ಲ ನೆಲ ಕಚ್ಚಿದವು, ಕಲ್ಲುಗಳು ನೆಲದಿಂದ ಮೇಲಕ್ಕೆ ಚಿಮ್ಮಿದ ಗುರುತುಗಳಿದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಆ ಪ್ರದೇಶವನ್ನೆಲ್ಲ ಸುತ್ತಿ 1899ರಲ್ಲಿ ಬರೆದ ವರದಿಯನ್ನು ಇವತ್ತಿಗೂ ಜನ ತೆರೆದು ನೋಡುತ್ತಾರೆ. ಇಟಲಿಯೂ ಸೇರಿದಂತೆ ಯುರೋಪಿನ ಉಪಕರಣಗಳು ಇದೇ ಭೂಕಂಪವನ್ನು ದಾಖಲಿಸಿದ್ದವು. ಓಲ್ಡ್‌ಹ್ಯಾಮ್ ಆ ದಾಖಲೆಗಳನ್ನು ತರಿಸಿ ನೋಡಿದಾಗ, ಒಂದೇ ಕಂಪನ ಮೂರು ಬೇರೆ ಬೇರೆ ಹೊತ್ತಿನಲ್ಲಿ ಮೂರು ಕಂತಾಗಿ ಬಂದದ್ದು ಕಂಡಿತು: ಪಿ, ಎಸ್, ಕೊನೆಗೆ ನೆಲದ ಮೇಲೆಯೇ ಹರಿದು ಬರುವ ಅಲೆಗಳು. ಮುಂದೆ ಇಂಗ್ಲೆಂಡಿಗೆ ಮರಳಿದ ಮೇಲೆ, 1906ರಲ್ಲಿ, ಬಹು ದೂರ ಸಾಗಿದ ಅಲೆಗಳು ಅಂದಾಜಿಗಿಂತ ತಡವಾಗುವುದನ್ನು ತೋರಿಸಿ, ಭೂಮಿಯ ನಡುವೆ ಅಲೆಯನ್ನು ನಿಧಾನಗೊಳಿಸುವ ಬೇರೆಯದೇ ಒಂದು ಗೋಳವಿದೆ, ಅದರ ತ್ರಿಜ್ಯ ಭೂಮಿಯ ತ್ರಿಜ್ಯದ ಸುಮಾರು 0.4 ಪಾಲು ಎಂದು ಸಾರಿದರು. ಶಿಲ್ಲಾಂಗಿನ ಮನೆಗಳನ್ನು ಕೆಡವಿದ ಆ ಸಂಜೆಯ ಓದು ಹೀಗೆ ಒಂಬತ್ತು ವರ್ಷದಲ್ಲಿ ಭೂಮಿಯ ಕೇಂದ್ರಗೋಳವನ್ನು ಮುಟ್ಟಿತು.

ಮುಂದಿನದನ್ನು ಬೇಗ ಹೇಳುತ್ತೇನೆ. 1909ರಲ್ಲಿ ಝಾಗ್ರೆಬ್‌ನ ಆಂದ್ರಿಯ ಮೊಹೊರೊವಿಚಿಚ್ ಭೂಕವಚದ ತಳವನ್ನು ಗುರುತಿಸಿದರು. ನಾವು ಮೋಹೋ ಎನ್ನುವುದು ಅದನ್ನೇ. 1913ರ ಹೊತ್ತಿಗೆ ಬೆನೊ ಗುಟೆನ್‌ಬರ್ಗ್ ಕೇಂದ್ರಗೋಳದ ಅಂಚು 2,900 ಕಿಲೋಮೀಟರ್ ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಆ ಅಂಕಿ ಹೆಚ್ಚುಕಡಿಮೆ ಹಾಗೇ ಉಳಿದಿದೆ. 1926ರಲ್ಲಿ ಕೇಂಬ್ರಿಜ್‌ನ ಹೆರಾಲ್ಡ್ ಜೆಫ್ರೀಸ್, ಸಮುದ್ರದ ಉಬ್ಬರವಿಳಿತದಂತೆಯೇ ಗಟ್ಟಿ ಭೂಮಿಯೂ ಚಂದ್ರನ ಸೆಳೆತಕ್ಕೆ ಎಷ್ಟು ಮಣಿಯುತ್ತದೆ ಎಂಬ ಲೆಕ್ಕದಿಂದ ಕೇಂದ್ರಗೋಳ ದ್ರವವೇ ಇರಬೇಕೆಂದು ತೋರಿಸಿದರು. ಅಲ್ಲಿಗೆ ಚಿತ್ರ ಪೂರ್ಣವಾದಂತೆ ಕಂಡಿತು. ಹೊರಗೆ ಕಲ್ಲು, ಒಳಗೆ ಕರಗಿದ ಕಬ್ಬಿಣ.

ಈ ಚಿತ್ರದಲ್ಲಿ ಒಂದು ನೆರಳಿನ ವಲಯ ಇತ್ತು. ನಮ್ಮ ಕಥೆಯ ತಿರುವು ಇರುವುದು ಅಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಮ್ಯಾಂಟಲಿನ ತಳದಲ್ಲಿ ಸೆಕೆಂಡಿಗೆ 13 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ಪಿ ಅಲೆ, ದ್ರವ ಕೇಂದ್ರಗೋಳಕ್ಕೆ ಇಳಿದೊಡನೆ ಸುಮಾರು 8 ಕಿಲೋಮೀಟರಿಗೆ ಇಳಿಯುತ್ತದೆ. ವೇಗ ಹಾಗೆ ಕುಸಿದಾಗ ದಾರಿ ಕೇಂದ್ರದತ್ತ ತೀವ್ರವಾಗಿ ಬಾಗುತ್ತದೆ. ಹೊರಬರುವಾಗ ಮತ್ತೆ ಬಾಗಿ, ಎದುರು ಬದಿಯಲ್ಲಿ ತುಂಬ ದೂರ ಹೋಗಿ ಮೇಲೇಳುತ್ತದೆ. ಭೂಕಂಪದ ಕೇಂದ್ರದಿಂದ ದೂರವನ್ನು ಕೋನದ ಅಳತೆಯಲ್ಲಿ ಹೇಳುವುದಾದರೆ, 104 ಡಿಗ್ರಿಯವರೆಗೆ ಮ್ಯಾಂಟಲಿನ ಪಿ ಅಲೆಗಳು ಬರುತ್ತವೆ. ಕೇಂದ್ರಗೋಳ ಹಾಯ್ದ ಅಲೆಗಳು ಜೋರಾಗಿ ಕಾಣುವುದು 142 ಡಿಗ್ರಿಯ ಆಚೆ. ನಡುವಿನ ಪಟ್ಟಿ ನೆರಳು. ಅಲ್ಲಿರುವ ವೀಕ್ಷಣಾಲಯಗಳಿಗೆ ನೇರ ಪಿ ಅಲೆ ಬರಬಾರದು. ಆದರೂ ಅಲ್ಲಿಯ ದಾಖಲೆಗಳಲ್ಲಿ ಸಣ್ಣ ಸಣ್ಣ ಅಲುಗಾಟಗಳು ಕಾಣುತ್ತಿದ್ದವು. ಬೆಳಕು ಅಂಚನ್ನು ಬಳಸಿ ಒಂದಿಷ್ಟು ನೆರಳಿನೊಳಕ್ಕೆ ಹರಡುವ ಹಾಗೆ, ಅಲೆ ಕೇಂದ್ರಗೋಳದ ಅಂಚನ್ನು ಬಳಸಿ ಬಂದಿರಬೇಕು, ಇದು ವಿವರ್ತನೆ ಎಂದು ದೊಡ್ಡವರು ವಿವರಿಸಿದರು. ಕೆಲವು ಕಡೆ ಉಪಕರಣದ ದೋಷವೆಂದೂ ಬಿಟ್ಟರು. ಚಿತ್ರ ಚೆನ್ನಾಗಿಯೇ ಇತ್ತು, ಅದಕ್ಕೆ ಒಗ್ಗದ ಈ ಅಲುಗಾಟಗಳ ಮೇಲೆ ತಲೆ ಕೆಡಿಸಿಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ.

ತಲೆ ಕೆಡಿಸಿಕೊಂಡವರು ಇಂಗೆ ಲೆಹ್ಮನ್.

ಅವರು ಹುಟ್ಟಿದ್ದು 1888ರ ಮೇ 13ರಂದು, ಕೋಪನ್‌ಹೇಗನ್‌ನಲ್ಲಿ. ತಂದೆ ಆಲ್ಫ್ರೆಡ್ ಲೆಹ್ಮನ್ ಡೆನ್ಮಾರ್ಕಿನಲ್ಲಿ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಬುನಾದಿ ಹಾಕಿದವರು. ಮಗಳನ್ನು ಕಳಿಸಿದ್ದು ಹಾನ್ನಾ ಆಡ್ಲರ್ ನಡೆಸುತ್ತಿದ್ದ ಶಾಲೆಗೆ. ಈ ಆಡ್ಲರ್ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ದೊಡ್ಡಮ್ಮ. ಅಲ್ಲಿ ಹುಡುಗರು ಹುಡುಗಿಯರು ಒಂದೇ ತರಗತಿಯಲ್ಲಿ ಒಂದೇ ಪಾಠ ಕಲಿತರು, ಹೊಲಿಗೆಯನ್ನೂ ಕಲಿತರು, ಚೆಂಡಾಟವನ್ನೂ ಆಡಿದರು. ಬುದ್ಧಿಶಕ್ತಿಯಲ್ಲಿ ಗಂಡು ಹೆಣ್ಣೆಂಬ ಭೇದವಿದೆ ಎಂಬ ಮಾತೇ ಆ ಶಾಲೆಯಲ್ಲಿ ಇರಲಿಲ್ಲ. ಹೊರಗಿನ ಲೋಕ ಹಾಗಿಲ್ಲ ಎಂಬುದು ಆಮೇಲೆ ತಿಳಿಯಿತು. 1910ರಲ್ಲಿ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಗಣಿತ ಓದಲು ಹೋದರು. ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ. ಅತಿಯಾದ ಓದಿನಿಂದ ದಣಿದು 1911ರ ಕೊನೆಗೆ ಊರಿಗೆ ಮರಳಿದವರು ಮುಂದೆ ಹಲವು ವರ್ಷ ವಿಮಾ ಗಣಿತದ ಕಚೇರಿಯಲ್ಲಿ ದುಡಿದರು. ಮತ್ತೆ ವಿಶ್ವವಿದ್ಯಾಲಯಕ್ಕೆ ಸೇರಿ ಪದವಿ ಮುಗಿಸುವ ಹೊತ್ತಿಗೆ ವಯಸ್ಸು ಮೂವತ್ತೆರಡು.

ಆ ವಿಮಾ ಕಚೇರಿಯ ವರ್ಷಗಳನ್ನು ವ್ಯರ್ಥವಾದ ಕಾಲವೆಂದು ನಾನು ಎಣಿಸುವುದಿಲ್ಲ. ಸಾವಿರಾರು ಸಣ್ಣ ಅಂಕಿಗಳಲ್ಲಿ ಯಾವುದು ನಂಬತಕ್ಕದ್ದು, ಯಾವುದು ಬರೆದವರ ಕೈತಪ್ಪು ಎಂದು ತೂಗಿ ನೋಡುವ ಕಸುಬು ಅದು. ಭೂಕಂಪನ ವಿಜ್ಞಾನಕ್ಕೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

1925ರಲ್ಲಿ ಡೆನ್ಮಾರ್ಕಿನ ಭೂಮಾಪನ ಇಲಾಖೆಯ ಮುಖ್ಯಸ್ಥರಾಗಿದ್ದ ನೋರ್ಲುಂಡ್ ಅವರ ಸಹಾಯಕಿಯಾಗಿ ಸೇರಿದರು. ಕೋಪನ್‌ಹೇಗನ್ನಿನಲ್ಲೂ ಗ್ರೀನ್‌ಲ್ಯಾಂಡಿನ ಇವಿಗ್ಟುಟ್ ಮತ್ತು ಸ್ಕೋರ್ಸ್‌ಬಿಸುಂಡ್‌ನಲ್ಲೂ ಭೂಕಂಪನ ವೀಕ್ಷಣಾಲಯ ಕಟ್ಟುವ ಕೆಲಸ. ಅದಕ್ಕೆ ಮೊದಲು ಅವರು ಭೂಕಂಪದ ಅಲೆಗಳನ್ನು ದಾಖಲಿಸುವ ಸೀಸ್ಮೋಗ್ರಾಫನ್ನು ಕಂಡವರೇ ಅಲ್ಲ. 1927ರಲ್ಲಿ ಯುರೋಪಿನ ಕೆಲವು ವೀಕ್ಷಣಾಲಯಗಳನ್ನು ಸುತ್ತಿದರು. ಡಾರ್ಮ್‌ಷ್ಟಾಟ್‌ನಲ್ಲಿ ಗುಟೆನ್‌ಬರ್ಗ್ ಬಳಿ ಒಂದು ತಿಂಗಳಿದ್ದು ಕಲಿತರು. 1928ರಲ್ಲಿ ಡೆನ್ಮಾರ್ಕಿನ ಜಿಯೊಡೆಟಿಕ್ ಸಂಸ್ಥೆಯ ಭೂಕಂಪನ ವಿಭಾಗದ ಮುಖ್ಯಸ್ಥೆಯಾದರು. ಮುಖ್ಯಸ್ಥೆ ಎಂದರೆ ಕೈಕೆಳಗೆ ದೊಡ್ಡ ಸಿಬ್ಬಂದಿ ಇತ್ತೆಂದು ತಿಳಿಯಬೇಡಿ. ಉಪಕರಣ ಸರಿಪಡಿಸುವುದು, ದಾಖಲೆ ಓದುವುದು, ವರದಿ ಬರೆಯುವುದು, ಬಹುಪಾಲು ಎಲ್ಲ ಅವರದೇ. ಸಂಶೋಧನೆ ಅವರ ಕೆಲಸದ ಪಟ್ಟಿಯಲ್ಲಿಯೇ ಇರಲಿಲ್ಲ. ಉಳಿದ ವೇಳೆಯಲ್ಲಿ ಮಾಡಿದರು.

ಅಂದಿನ ದಾಖಲೆಯನ್ನು ಓದುವುದೆಂದರೆ ಏನೆಂದು ಹೇಳಬೇಕು. ವೀಚರ್ಟ್ ಮಾದರಿಯ ಉಪಕರಣದಲ್ಲಿ ಸಾವಿರ ಕಿಲೋಗ್ರಾಂ ತೂಕದ ಒಂದು ಭಾರ ಇರುತ್ತದೆ. ನೆಲ ಅಲುಗಿದಾಗ ಭಾರ ತನ್ನ ಜಾಗ ಬಿಟ್ಟು ಕದಲಲು ಒಪ್ಪುವುದಿಲ್ಲ; ಆ ವ್ಯತ್ಯಾಸವನ್ನು ಸನ್ನೆಗೋಲುಗಳು ದೊಡ್ಡದಾಗಿಸುತ್ತವೆ, ಕೊನೆಯ ಸೂಜಿಮೊನೆ ಹೊಗೆ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಎಳೆಯುತ್ತದೆ. ಕಾಗದ ಉರುಳೆಯ ಮೇಲೆ ಸುತ್ತುತ್ತಿರುತ್ತದೆ. ನಿಮಿಷಕ್ಕೊಮ್ಮೆ ಗಡಿಯಾರ ಒಂದು ಗುರುತು ಹಾಕುತ್ತದೆ. ದಿನ ಮುಗಿದಾಗ ಕಾಗದ ಬಿಡಿಸಿ, ಮಸಿ ಉದುರದಂತೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಬೇಕು. ಆಮೇಲೆ ಭೂತಗನ್ನಡಿ ಹಿಡಿದು ಕೂತು, ಒಂದೇ ಸಮ ನಡುಗುತ್ತಿರುವ ಗೆರೆ ಯಾವ ಸೆಕೆಂಡಿನಲ್ಲಿ ದಿಕ್ಕು ಬದಲಿಸಿತು ಎಂದು ಹುಡುಕಬೇಕು. ಗಾಳಿಗೂ ಕಡಲಿನ ಅಲೆಗೂ ಈ ಗೆರೆ ನಡುಗುತ್ತದೆ. ಓದುವವರ ಕಣ್ಣು ತಪ್ಪಿದರೆ ಒಂದು ಅಲೆ ಇಲ್ಲವಾಗುತ್ತದೆ, ಇಲ್ಲವೇ ಇಲ್ಲದ ಅಲೆ ಹುಟ್ಟಿಕೊಳ್ಳುತ್ತದೆ.

ಊರೂರ ವೀಕ್ಷಣಾಲಯಗಳು ಓದಿ ಕಳಿಸಿದ ಹೊತ್ತುಗಳನ್ನು ಒಂದೆಡೆ ಕೂಡಿಸಿ ಕೋಷ್ಟಕವಾಗಿ ಅಚ್ಚು ಹಾಕುತ್ತಿದ್ದರು. ಹೆಚ್ಚಿನ ವಿಜ್ಞಾನಿಗಳು ಆ ಕೋಷ್ಟಕದಿಂದಲೇ ಕೆಲಸ ಮಾಡುತ್ತಿದ್ದರು. ಲೆಹ್ಮನ್‌ಗೆ ಅದು ಸಾಕೆನಿಸಲಿಲ್ಲ. ಮೂಲ ಕಾಗದದ ಪ್ರತಿ ಕಳಿಸಿ ಎಂದು ವೀಕ್ಷಣಾಲಯಗಳಿಗೆ ಬರೆಯುತ್ತಿದ್ದರು. ಬಂದವನ್ನು ಒಂದರ ಪಕ್ಕ ಒಂದಿಟ್ಟು, ಅಲೆಯ ಹೊತ್ತನ್ನಷ್ಟೇ ಅಲ್ಲದೆ ಅದರ ಆಕಾರವನ್ನೂ ಹೋಲಿಸುತ್ತಿದ್ದರು. ರಟ್ಟಿನ ಚೀಟಿಗಳಲ್ಲಿ ಭೂಕಂಪದ ವಿವರ, ಹೊತ್ತು ಬರೆದು ಓಟ್ಸ್ ಧಾನ್ಯದ ಖಾಲಿ ಡಬ್ಬಗಳಲ್ಲಿ ಜೋಡಿಸಿಟ್ಟಿರುತ್ತಿದ್ದರೆಂದು ಅವರ ಸಂಬಂಧಿಯೊಬ್ಬರು ನೆನಪಿಸಿಕೊಂಡಿದ್ದಾರೆ. ಭಾನುವಾರ ಮನೆಯ ತೋಟದಲ್ಲಿ ಮೇಜು ಹಾಕಿಕೊಂಡು, ಆ ಡಬ್ಬಗಳ ನಡುವೆ ಕೂತು ಭೂಮಿಯ ಒಡಲಿನ ಲೆಕ್ಕ ಮಾಡುತ್ತಿದ್ದರಂತೆ. ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟೇ ಸಲಕರಣೆ.

1929ರ ಜೂನ್‌ನಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮರ್ಚಿಸನ್ ಎಂಬಲ್ಲಿ ಭಾರಿ ಭೂಕಂಪವಾಯಿತು. ಅಲ್ಲಿ ಜೂನ್ 17ರ ಬೆಳಿಗ್ಗೆ. ಯುರೋಪಿನ ಗಡಿಯಾರದಲ್ಲಿ ಇನ್ನೂ 16ರ ರಾತ್ರಿ. ಬೆಟ್ಟದ ಇಳಿಜಾರುಗಳು ಕುಸಿದು ಕಣಿವೆ ಮುಚ್ಚಿದವು, ಜನ ಸತ್ತರು. ನ್ಯೂಜಿಲೆಂಡಿಗೆ ಸರಿಯಾಗಿ ಎದುರು ಬದಿಯಲ್ಲಿರುವುದು ಸ್ಪೇನ್. ಹಾಗಾಗಿ ಆ ಅಲೆಗಳು ಯುರೋಪಿಗೆ ಬರಬೇಕಾದರೆ ಕೇಂದ್ರಗೋಳವನ್ನು ಹಾಯ್ದೇ ಬರಬೇಕು. ಯುರೋಪಿನ ವೀಕ್ಷಣಾಲಯಗಳು ಒತ್ತೊತ್ತಾಗಿದ್ದವು, ಉಪಕರಣಗಳೂ ಚೆನ್ನಾಗಿದ್ದವು. ಕೇಂದ್ರಗೋಳದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಭೂಕಂಪ ಸಿಗುವುದು ಅಪರೂಪ. ಈ ಮಾತನ್ನು ಹೇಳುವಾಗ ಆ ಕಣಿವೆಯಲ್ಲಿ ಮಣ್ಣಾದವರನ್ನು ಮರೆಯಬಾರದು. ಈ ವಿಜ್ಞಾನದ ಒಂದೊಂದು ಗೆರೆಯೂ ಎಲ್ಲೋ ಒಂದು ಊರಿನ ದುಃಖದಿಂದ ಬಂದದ್ದು.

ಲೆಹ್ಮನ್ 1930ರಲ್ಲೇ ಈ ಭೂಕಂಪದ ದಾಖಲೆಗಳ ಬಗ್ಗೆ ಒಂದು ಲೇಖನ ಬರೆದರು. ಆದರೆ ಅವರನ್ನು ಕಾಡಿದ್ದು ಸೋವಿಯತ್ ಒಕ್ಕೂಟದ ಎರಡು ವೀಕ್ಷಣಾಲಯಗಳು: ಸ್ವೆರ್ದ್‌ಲೋವ್ಸ್ಕ್ ಮತ್ತು ಇರ್ಕುತ್ಸ್ಕ್. ಮರ್ಚಿಸನ್‌ನಿಂದ ಸ್ವೆರ್ದ್‌ಲೋವ್ಸ್ಕ್ ಸುಮಾರು 135 ಡಿಗ್ರಿ, ಇರ್ಕುತ್ಸ್ಕ್ ಸುಮಾರು 111 ಡಿಗ್ರಿ. ಎರಡೂ ನೆರಳಿನೊಳಗಿನ ಊರುಗಳು. ಎರಡರಲ್ಲೂ ಅಲೆ ಬಂದಿತ್ತು. ಅದೂ ಸ್ಪಷ್ಟವಾಗಿ, ನೆಲದ ಮೇಲು ಕೆಳಗಿನ ಚಲನೆಯನ್ನು ಅಳೆಯುವ ಉಪಕರಣದಲ್ಲಿ. ಈ ಕೊನೆಯ ವಿವರದಲ್ಲಿದೆ ಅವರ ಕಣ್ಣಿನ ಸೂಕ್ಷ್ಮ. ಅಂಚು ಬಳಸಿ ಬಂದ ವಿವರ್ತನೆಯ ಅಲೆಯಾಗಿದ್ದರೆ ದೂರ ಹೋದಂತೆ ಸೋತು ಮಂಕಾಗಬೇಕು, ಓರೆಯಾಗಿ ಬಂದು ಮುಟ್ಟಬೇಕು. ಇಲ್ಲಿ ಅಲೆ ಸೋತಿರಲಿಲ್ಲ. ಕಾಲಡಿಯಿಂದ ಕಡಿದಾಗಿ ಮೇಲೆದ್ದು ಬಂದಿತ್ತು. ಅಂದರೆ ಆಳದಿಂದ ಬಂದದ್ದು.

ಇಂಥ ಅಲೆ ಬರಬೇಕಾದರೆ ಕೇಂದ್ರಗೋಳದೊಳಗೆ ಇನ್ನೇನೋ ಅದನ್ನು ತಿರುಗಿಸಬೇಕು. ಅವರು ಹಾಕಿದ ಲೆಕ್ಕ ಇವತ್ತು ಪದವಿ ವಿದ್ಯಾರ್ಥಿಯೊಬ್ಬ ಕಾಗದ ಪೆನ್ಸಿಲ್ ಹಿಡಿದು ಹಾಕಬಹುದಾದಷ್ಟು ಸರಳ. ಮ್ಯಾಂಟಲಿನಲ್ಲಿ ಉದ್ದಕ್ಕೂ ಸೆಕೆಂಡಿಗೆ 10 ಕಿಲೋಮೀಟರ್, ಕೇಂದ್ರಗೋಳದಲ್ಲಿ 8 ಕಿಲೋಮೀಟರ್ ವೇಗ ಎಂದಿಟ್ಟುಕೊಂಡರು. ನಿಜದಲ್ಲಿ ವೇಗ ಆಳಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲು ನೋಡಬೇಕಾದದ್ದು ಹೀಗೆ ಆಗಲು ಸಾಧ್ಯವೇ ಎಂದಷ್ಟೆ. ಕೇಂದ್ರಗೋಳದೊಳಗೆ ವೇಗ ಮತ್ತೆ ಹೆಚ್ಚುವ ಇನ್ನೊಂದು ಗೋಳವನ್ನು ಇಟ್ಟರು. ಅದನ್ನು ಓರೆಯಾಗಿ ಮುಟ್ಟಿದ ಅಲೆಗಳು ಹೊರಕ್ಕೆ ಬಾಗಿ, ನೇರ ನೆರಳಿನ ಪಟ್ಟಿಯೊಳಗೆ ಬಂದು ಎದ್ದವು. ಬರುವ ಹೊತ್ತೂ ದಾಖಲೆಗಳೊಂದಿಗೆ ತಾಳೆಯಾಯಿತು.

1936ರಲ್ಲಿ ಅಚ್ಚಾದ ಆ ಪ್ರಬಂಧದ ಶೀರ್ಷಿಕೆ ಒಂದೇ ಅಕ್ಷರ, ಅದರ ಮೇಲೊಂದು ಗೀಟು. ನಮ್ಮ ಗಣಿತದ ತರಗತಿಯಲ್ಲಿ ಓದುವುದಾದರೆ "ಪಿ ಡ್ಯಾಶ್". ಕೇಂದ್ರಗೋಳ ಹಾಯ್ದು ಬರುವ ಪಿ ಅಲೆಗೆ ಅಂದು ಇಟ್ಟಿದ್ದ ಗುರುತು ಅದು. ಭೂಮಿಯ ನಟ್ಟನಡುವೆ ಯಾರೂ ಊಹಿಸದಿದ್ದ ಒಂದು ಗೋಳವನ್ನು ಸೇರಿಸಿದ ಬರಹಕ್ಕೆ ಇಷ್ಟು ಸಂಕೋಚದ ಹೆಸರು. ಒಳಗೂ ಹಾಗೇ ಬರೆದಿದ್ದಾರೆ. ಖಚಿತವಾಗಿ ಸಾಬೀತಾಯಿತೆಂದು ಹೇಳಲಿಲ್ಲ; ಈ ಊಹೆ ದಾಖಲೆಗಳನ್ನು ವಿವರಿಸುತ್ತದೆ, ಹಾಗಾಗಿ ಸಾಧ್ಯತೆ ಹೆಚ್ಚು ಎಂದರು. ಗೊತ್ತಿರುವುದಕ್ಕಿಂತ ಒಂದು ಮಾತೂ ಹೆಚ್ಚು ಹೇಳದ ಈ ಬರವಣಿಗೆ ನನಗೆ ಆ ಶೋಧದಷ್ಟೇ ದೊಡ್ಡದಾಗಿ ಕಾಣುತ್ತದೆ. ಅದೇ ವರ್ಷದ ಜುಲೈನಲ್ಲಿ, ಕೇಂದ್ರಗೋಳವನ್ನು ಮೊದಲು ಕಂಡ ಓಲ್ಡ್‌ಹ್ಯಾಮ್ ತೀರಿಕೊಂಡರು.

ಒಪ್ಪಿಗೆ ಬೇಗ ಬಂದಿತು, ಎಲ್ಲ ಕಡೆಯಿಂದ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದ ಗುಟೆನ್‌ಬರ್ಗ್ ಮತ್ತು ಚಾರ್ಲ್ಸ್ ರಿಕ್ಟರ್ ಎರಡು ವರ್ಷದಲ್ಲಿ ಒಪ್ಪಿ, ಒಳ ಕೇಂದ್ರಗೋಳದ ತ್ರಿಜ್ಯ ಸುಮಾರು 1,200 ಕಿಲೋಮೀಟರ್ ಎಂದರು. ಇಂದಿನ ಅಂಕಿ 1,220. ಜೆಫ್ರೀಸ್ ತಡ ಮಾಡಿದರು. ಲೆಹ್ಮನ್ 1936ಕ್ಕೆ ಕೆಲವು ವರ್ಷ ಮೊದಲೇ ಅವರಿಗೆ ಪತ್ರ ಬರೆದು ಈ ಅಲೆಗಳ ವಿಷಯ ಎತ್ತಿದ್ದರು. ಕೊನೆಗೆ ವಿವರ್ತನೆಯಿಂದ ಇಷ್ಟು ಬಲವಾದ ಅಲೆ ಬರಲಾರದು ಎಂಬ ಲೆಕ್ಕವನ್ನು ಜೆಫ್ರೀಸ್ ತಾವೇ 1939ರಲ್ಲಿ ಮಾಡಿ ತೋರಿಸಿದರು. ತಮ್ಮ ಪಕ್ಷದ ವಿರುದ್ಧದ ಲೆಕ್ಕವನ್ನು ತಾವೇ ಮುಗಿಸಿಕೊಟ್ಟದ್ದು ಅವರ ದೊಡ್ಡತನ.

ಒಳ ಗೋಳ ಗಟ್ಟಿ ಎಂಬುದು ಲೆಹ್ಮನ್ ಹೇಳಿದ ಮಾತಲ್ಲ. ವೇಗ ಹೆಚ್ಚು ಎಂದಷ್ಟೇ ಹೇಳಿದ್ದರು. ಅದು ಹೆಪ್ಪುಗಟ್ಟಿದ ಕಬ್ಬಿಣವೆಂದು 1940ರಲ್ಲಿ ಫ್ರಾನ್ಸಿಸ್ ಬರ್ಚ್, ಆಮೇಲೆ ಕೀತ್ ಬುಲನ್ ವಾದಿಸಿದರು. ಸೂರ್ಯನ ಮೇಲ್ಮೈಯಷ್ಟೇ ಬಿಸಿ ಇರುವ ಜಾಗದಲ್ಲಿ ಕಬ್ಬಿಣ ಗಟ್ಟಿಯಾಗಿರುವುದು ಹೇಗೆ ಎಂದು ವಿದ್ಯಾರ್ಥಿಗಳು ಯಾವಾಗಲೂ ಕೇಳುತ್ತಾರೆ. ಅಲ್ಲಿಯ ಒತ್ತಡ ನಮ್ಮ ವಾತಾವರಣದ ಒತ್ತಡದ 30 ಲಕ್ಷ ಪಟ್ಟಿಗೂ ಹೆಚ್ಚು. ಆ ಒತ್ತಡದಲ್ಲಿ ಕರಗುವ ಬಿಂದುವೇ ಮೇಲೇರುತ್ತದೆ, ಪರಮಾಣುಗಳಿಗೆ ಕದಲಲು ಎಡೆ ಇರುವುದಿಲ್ಲ. ಒಳ ಗೋಳ ಗಟ್ಟಿ ಎಂಬುದಕ್ಕೆ ಬಲವಾದ ಸಾಕ್ಷ್ಯ ಬಂದದ್ದು 1971ರಲ್ಲಿ. 1964ರ ಅಲಾಸ್ಕಾ ಭೂಕಂಪ ಇಡೀ ಭೂಮಿಯನ್ನೇ ಮಿಡಿಯುವಂತೆ ಮಾಡಿತ್ತು. ಆ ಮಿಡಿತಗಳನ್ನು ಓದಿದ ಆಡಮ್ ಜಿವೋನ್ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್, ಒಳ ಗೋಳ ಗಟ್ಟಿಯಾಗಿದ್ದರೆ ಮಾತ್ರ ಅವು ಹೊಂದುತ್ತವೆಂದು ತೋರಿಸಿದರು. ದ್ರವ ಕಬ್ಬಿಣ ನಿಧಾನವಾಗಿ ಹೆಪ್ಪುಗಟ್ಟುತ್ತಾ ಒಳ ಗೋಳ ಬೆಳೆಯುತ್ತಿದೆ. ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಮತ್ತು ಹಗುರ ಧಾತುಗಳು ಹೊರ ಕೇಂದ್ರಗೋಳವನ್ನು ಕಲಕುತ್ತವೆ. ಆ ಕಲಕಾಟದಿಂದ ಭೂಮಿಯ ಕಾಂತಕ್ಷೇತ್ರ ಉಳಿದಿದೆ. ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ನಿಲ್ಲುವುದಕ್ಕೂ, ಸೂರ್ಯನಿಂದ ಬರುವ ಕಣಗಳ ಗಾಳಿ ನಮ್ಮನ್ನು ನೇರವಾಗಿ ತಾಕದಿರುವುದಕ್ಕೂ 5,150 ಕಿಲೋಮೀಟರ್ ಕೆಳಗಿನ ಆ ಅಂಚಿನ ಋಣವಿದೆ.

ಒಳ ಗೋಳದ ಅಂಚಿಗೆ ತಾಗಿ ನೇರ ಹಿಂದಿರುಗಿದ ಪ್ರತಿಧ್ವನಿ ಸಿಕ್ಕಿದ್ದು 1970ರ ಹೊತ್ತಿಗೆ, ಅಮೆರಿಕದ ಮೊಂಟಾನಾದಲ್ಲಿ ನೂರಾರು ಸೀಸ್ಮೋಮೀಟರ್‌ಗಳನ್ನು ಒಂದು ಬಲೆಯಂತೆ ಹರಡಿದ್ದ ಕೇಂದ್ರದಲ್ಲಿ. ಆ ಬಲೆ ಹಾಕಿದ್ದು ಭೂಮಿಯ ಒಳಗನ್ನು ತಿಳಿಯುವುದಕ್ಕಲ್ಲ, ಬೇರೆ ದೇಶಗಳ ನೆಲದಡಿಯ ಅಣುಸ್ಫೋಟಗಳನ್ನು ಪತ್ತೆ ಹಚ್ಚುವುದಕ್ಕೆ. ಇಲ್ಲಿ ನಮ್ಮ ನಾಡಿನ ಹೆಸರೂ ಬರುತ್ತದೆ. ಇದೇ ಉದ್ದೇಶಕ್ಕೆ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆ ರೂಪಿಸಿದ ಮಾದರಿಯ ಬಲೆಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯಾದ ವಾರಮುಂಗ ಮತ್ತು ನಮ್ಮ ಗೌರಿಬಿದನೂರಿನಲ್ಲಿ ಬಂದವು. ಗೌರಿಬಿದನೂರಿನದು 1960ರ ದಶಕದ ನಡುವೆ, ಟ್ರಾಂಬೆಯ ನಮ್ಮ ಅಣುಶಕ್ತಿ ಕೇಂದ್ರದ ಕೈಯಲ್ಲಿ. ಎಲ್ ಅಕ್ಷರದ ಆಕಾರದಲ್ಲಿ ಎರಡು ತೋಳು ಚಾಚಿ, ಹೊಲ ಗುಡ್ಡಗಳ ನಡುವೆ ಸೀಸ್ಮೋಮೀಟರ್‌ಗಳ ಸಾಲು. ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಬಗ್ಗೆ ನಮ್ಮ ಜನ ಒಂದಿಷ್ಟಾದರೂ ಕೇಳಿದ್ದಾರೆ. ಅದೇ ಊರು ನೆಲದಡಿಗೂ ಕಿವಿಗೊಟ್ಟಿದೆ ಎಂಬುದು ತಿಳಿದವರು ಕಡಿಮೆ. ದಖ್ಖನಿನ ಹಳೆಯ ಗಟ್ಟಿ ಬಂಡೆಯ ಮೇಲೆ ಗದ್ದಲ ಕಡಿಮೆ. ಹಾಗಾಗಿ ಸಣ್ಣ ಅಲೆಯೂ ಅಲ್ಲಿ ತಿಳಿಯಾಗಿ ಕೇಳಿಸುತ್ತದೆ.

ಲೆಹ್ಮನ್ 1953ರಲ್ಲಿ ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ಅಮೆರಿಕದ ಲಾಮಾಂಟ್ ವೀಕ್ಷಣಾಲಯಕ್ಕೆ ಹಲವು ಬಾರಿ ಹೋಗಿ ಕೆಲಸ ಮಾಡಿದರು. ಈ ಬಾರಿ ಕೇಂದ್ರದಿಂದ ಮೇಲಕ್ಕೆ ಬಂದು, ಸುಮಾರು 220 ಕಿಲೋಮೀಟರ್ ಆಳದಲ್ಲಿ ಅಲೆಯ ವೇಗ ಥಟ್ಟನೆ ಹೆಚ್ಚುವ ಇನ್ನೊಂದು ಅಂಚನ್ನು ಗುರುತಿಸಿದರು. ಅದಕ್ಕೆ ಅವರ ಹೆಸರೇ ಇದೆ. 1969ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ವಿದೇಶಿ ಸದಸ್ಯತ್ವ ಕೊಟ್ಟಿತು. 1971ರಲ್ಲಿ ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್ನಿನ ವಿಲಿಯಂ ಬೋವೀ ಪದಕ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರು. 1987ರಲ್ಲಿ, ತೊಂಬತ್ತೆಂಟರ ವಯಸ್ಸಿನಲ್ಲಿ, ತಮ್ಮ ಕಾಲದ ಭೂಕಂಪನ ವಿಜ್ಞಾನದ ಬಗ್ಗೆ ನೆನಪಿನ ಲೇಖನ ಬರೆದರು. 1993ರ ಫೆಬ್ರವರಿ 21ರಂದು ತೀರಿಕೊಂಡಾಗ ವಯಸ್ಸು 104.

ಈ ಕಥೆಯನ್ನು ಹೆಣ್ಣುಮಗಳೊಬ್ಬಳ ಸಾಧನೆಯ ಕಥೆ ಎಂದು ಹೇಳುವ ರೂಢಿಯಿದೆ. ಅದು ಸರಿಯೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವರ ವಿಜ್ಞಾನಕ್ಕೆ ಅನ್ಯಾಯವಾಗುತ್ತದೆ. ಅವರು ಗೆದ್ದದ್ದು ಮೂಲ ದಾಖಲೆಯನ್ನು ತಾವೇ ಓದಿದ್ದರಿಂದ. ಆ ದಾಖಲೆ ಅವರ ಕೈಗೆ ಬಂದದ್ದು, ಸ್ವೆರ್ದ್‌ಲೋವ್ಸ್ಕ್‌ನಲ್ಲಿ ನಮಗೆ ಹೆಸರೂ ಗೊತ್ತಿಲ್ಲದ ನೌಕರನೊಬ್ಬ ಆ ದಿನವೂ ಕಾಗದ ಬದಲಿಸಿ, ಗಡಿಯಾರ ನೋಡಿ ಜೋಪಾನ ಮಾಡಿದ್ದರಿಂದ, ಕೇಳಿದವರಿಗೆ ಕಳಿಸಿದ್ದರಿಂದ. ಎರಡು ಮಹಾಯುದ್ಧಗಳ ನಡುವಿನ, ಒಬ್ಬರನ್ನೊಬ್ಬರು ನಂಬದ ಆ ದೇಶಗಳ ನಡುವೆ ಈ ಕಾಗದಗಳು ಓಡಾಡಿದವು ಎಂಬುದನ್ನು ಗಮನಿಸಿ.

ನಮ್ಮ ದೇಶದಲ್ಲೂ ಅಸ್ಸಾಂ ಭೂಕಂಪದ ಬೆನ್ನಿಗೆ, 1898ರಿಂದ ಮುಂದೆ, ಕಲ್ಕತ್ತದ ಅಲಿಪುರ, ಬೊಂಬಾಯಿಯ ಕೊಲಾಬಾ, ಕೊಡೈಕನಾಲ್‌ಗಳಲ್ಲಿ ಮಿಲ್ನ್ ಮಾದರಿಯ ಸೀಸ್ಮೋಗ್ರಾಫ್‌ಗಳು ಬಂದವು. ನೂರಕ್ಕೂ ಹೆಚ್ಚು ವರ್ಷಗಳ ಓದು ನಮ್ಮದೂ ಇದೆ. ಹಳೆಯ ಕಾಗದ, ಫಿಲ್ಮು, ಟೇಪುಗಳನ್ನು ಗೆದ್ದಲಿಗೂ ತೇವಕ್ಕೂ ಬಿಡದೆ ಸ್ಕ್ಯಾನ್ ಮಾಡಿಸಿ, ನಮ್ಮ ವಿಶ್ವವಿದ್ಯಾಲಯಗಳ ಭೂವಿಜ್ಞಾನ, ಭೌತವಿಜ್ಞಾನ ವಿಭಾಗದ ಮಕ್ಕಳ ಕೈಗೆ ಕೊಡುವ ಕೆಲಸ ಆಗಬೇಕು. ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ ಪಠ್ಯದ ಚಿತ್ರ ಬಿಟ್ಟು, ಗೌರಿಬಿದನೂರಿನ ಒಂದು ನಿಜವಾದ ದಾಖಲೆಯ ಮೇಲೆ ಒಂದು ದಿನವಾದರೂ ಕಣ್ಣು ನೆಟ್ಟು, ಪಿ ಅಲೆ ಎಲ್ಲಿ ಬಂತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಇದು ನನ್ನ ಮನಸ್ಸಿನ ಆಸೆ, ಈ ವೇದಿಕೆಯಿಂದ ಬೇಡಿಕೆ ಎಂದೇ ಇಟ್ಟುಕೊಳ್ಳಿ.

ಹಳೆಯ ದಾಖಲೆಯಿಂದ ಹೊಸ ವಿಜ್ಞಾನ ಹುಟ್ಟುತ್ತದೆಯೇ ಎಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 1996ರಲ್ಲಿ ಷಿಯಾವ್‌ದಾಂಗ್ ಸಾಂಗ್ ಮತ್ತು ಪಾಲ್ ರಿಚರ್ಡ್ಸ್, ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಭೂಕಂಪಗಳು ಅಲಾಸ್ಕಾದಲ್ಲಿ ದಾಖಲಾದದ್ದನ್ನು ದಶಕಗಳ ಅಂತರದಲ್ಲಿ ಹೋಲಿಸಿ ನೋಡಿದರು. ಒಳ ಗೋಳ ಹಾಯ್ದ ಅಲೆಗಳ ಹೊತ್ತು ವರ್ಷ ಕಳೆದಂತೆ ಜರುಗುತ್ತಿತ್ತು. ಒಳ ಗೋಳ ಉಳಿದ ಭೂಮಿಗಿಂತ ಒಂದಿಷ್ಟು ಬೇಗ ಸುತ್ತುತ್ತಿದೆ ಎಂದರು. ವಾದ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2024ರಲ್ಲಿ ಜಾನ್ ವಿಡೇಲ್ ಮತ್ತು ಸಂಗಡಿಗರು, ಅದೇ ದ್ವೀಪಗಳಲ್ಲಿ 1991ರಿಂದ 2023ರವರೆಗೆ ಇದ್ದ ಜಾಗದಲ್ಲೇ ಮತ್ತೆ ಮತ್ತೆ ಆದ 121 ಭೂಕಂಪಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದರು. ವರ್ಷಗಳ ಹಿಂದೆ ಬದಲಾಗಿದ್ದ ಅಲೆಯ ಆಕಾರ ಮತ್ತೆ ಮೊದಲಿನಂತಾಗಿದ್ದ ಜೋಡಿಗಳು ಸಿಕ್ಕವು. ಅಂದರೆ 2010ರ ಆಸುಪಾಸಿನಿಂದ ಒಳ ಗೋಳ ಮ್ಯಾಂಟಲಿಗಿಂತ ನಿಧಾನವಾಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತಿದೆ. ಅವರು ಬಳಸಿದ ದಾಖಲೆಗಳಲ್ಲಿ ಗೌರಿಬಿದನೂರಿನ ಒಡಹುಟ್ಟಿದ ಬಲೆಯಾದ ಯೆಲ್ಲೊನೈಫ್‌ನವೂ ಇದ್ದವು. ಆದರೂ ಕೆಲವು ಜೋಡಿಗಳು ಸರಿಹೊಂದಲಿಲ್ಲ. ಗೋಳ ಅದೇ ಜಾಗಕ್ಕೆ ಮರಳಿದಾಗಲೂ ಅಲೆಯ ಆಕಾರ ಒಂದಿಷ್ಟು ಬೇರೆಯಾಗಿಯೇ ಕಂಡಿತು. ಒಳ ಗೋಳದ ಮೇಲ್ಮೈಯೇ ಅಲ್ಲಲ್ಲಿ ರೂಪ ಬದಲಿಸುತ್ತಿರಬಹುದೇ ಎಂಬ ಪ್ರಶ್ನೆಯನ್ನು ಅದೇ ತಂಡ 2025ರಲ್ಲಿ ಎತ್ತಿದೆ. ಅದಕ್ಕೆ ಉತ್ತರ ಹುಡುಕುವ ಕೆಲಸ ಈಗ ನಡೆಯುತ್ತಿದೆ.